ಮುಳುಗಿದವರ ಪಟ್ಟಿ

ನಮ್ಮ ಸೀಮೆಗೆ ಸಮುದ್ರವಿಲ್ಲ. ದೊಡ್ಡಬಳ್ಳಾಪುರದಿಂದ ಮಂಗಳೂರಿನ ಕಡಲು ನೋಡಬೇಕಾದರೆ ಒಂದು ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ನಮ್ಮ ತಾಲ್ಲೂಕಿನಲ್ಲೇ ಬತ್ತಿಹೋಗಿದೆ. ಹರಿಯುವ ಕಡೆ ಕಾರ್ಖಾನೆಯ ಕೊಳೆನೀರು ಹರಿಯುತ್ತದೆ. ನಮಗೆ ನೀರು ಅಂದರೆ ಕೆರೆ, ಬಾವಿ, ಈಗ ಪಾತಾಳಕ್ಕೆ ಕೊರೆದ ಬೋರು. ಇಂಥ ಊರಿನ ಹುಡುಗರು ಹಡಗು ಮುಳುಗಿದ ಕಥೆಯನ್ನು ಯಾಕೆ ಹಿಡಿದು ಕೂತರು?

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದವನು ನಾನೇ ಮೊದಲು. ಬಿ.ಎ. ಕೊನೆಯ ವರ್ಷದವರು ಇತಿಹಾಸಕ್ಕೆ ಒಂದು ಪ್ರಾಜೆಕ್ಟು ಬರೆಯಬೇಕು. ಐದು ಜನರ ಒಂದು ಗುಂಪು 'ಟೈಟಾನಿಕ್' ಅಂತ ಬರೆದುಕೊಟ್ಟಿತು. ಐವರೂ ದುಡಿಯುವ ಮನೆಯ ಮಕ್ಕಳು. ಇಬ್ಬರ ಅಪ್ಪಂದಿರು ಮಗ್ಗದ ಮನೆಯಲ್ಲಿ ಕೂಲಿ. ಒಬ್ಬಳ ತಾಯಿ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಇನ್ನೊಬ್ಬಳ ಮನೆಯವರು ಕಂಡವರ ತೋಟದಲ್ಲಿ ಹೂ ಬಿಡಿಸುತ್ತಾರೆ. ಒಬ್ಬ ರಾತ್ರಿ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಲೋಡಿಂಗ್ ಕೆಲಸ ಮಾಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತಾನೆ.

"ಸಿನಿಮಾ ನೋಡಿ ಆರಿಸಿಕೊಂಡಿದ್ದೀರಾ?" ಅಂದೆ. "ಹೌದು ಸಾರ್" ಅಂದರು. ನನಗೆ ಸಿಟ್ಟು ಬಂತು. ನಮ್ಮ ಕೇರಿಯ ಚರಿತ್ರೆ ಬರೆಯುವವರಿಲ್ಲ. ಇವರಿಗೆ ನೂರು ವರ್ಷದ ಹಿಂದೆ ಅಟ್ಲಾಂಟಿಕ್ಕಿನಲ್ಲಿ ಸತ್ತ ಬಿಳಿಯರ ಚಿಂತೆ! ಆ ಸಿಟ್ಟು ತಪ್ಪು ಅಂತ ತಿಳಿಯೋಕೆ ನನಗೆ ಎರಡು ತಿಂಗಳು ಬೇಕಾಯಿತು. ಈ ಬರಹ ಆ ಎರಡು ತಿಂಗಳ ಲೆಕ್ಕ.

ಹುಡುಗರು ಮೊದಲು ಒಂದು ಚಾರ್ಟು ಬರೆದರು. 1912ರ ಏಪ್ರಿಲ್ 14ರ ರಾತ್ರಿ ಹಡಗು ಹಿಮಗಡ್ಡೆಗೆ ಬಡಿಯಿತು, 15ರ ಬೆಳಗಿನ ಜಾವ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಜನ. ದೋಣಿಗಳು 20. ಅಷ್ಟೂ ದೋಣಿಗಳಲ್ಲಿ ಹಿಡಿಯುತ್ತಿದ್ದದ್ದು 1,178 ಜನ. ಸತ್ತವರು ಸುಮಾರು 1,500. ಇಷ್ಟು ಎಲ್ಲರಿಗೂ ಗೊತ್ತಿರೋ ಸಂಗತಿ. ಆಮೇಲೆ ಅವರು ಸತ್ತವರನ್ನು ದರ್ಜೆಯ ಪ್ರಕಾರ ಬೇರೆ ಬೇರೆ ಮಾಡಿದರು. ಮೊದಲ ದರ್ಜೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಬದುಕಿದರು. ಮೂರನೇ ದರ್ಜೆಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದು. ಮೊದಲ ದರ್ಜೆಯ ಮಕ್ಕಳಲ್ಲಿ ಸತ್ತದ್ದು ಒಂದೇ ಮಗು. ಮೂರನೇ ದರ್ಜೆಯಲ್ಲಿ ಸತ್ತ ಮಕ್ಕಳು ಐವತ್ತರಷ್ಟು. "ಹೆಂಗಸರು ಮಕ್ಕಳು ಮೊದಲು" ಅನ್ನೋ ನೀತಿಯನ್ನು ಪ್ರಪಂಚ ಇವತ್ತಿಗೂ ಹೊಗಳುತ್ತದೆ. ಯಾವ ಹೆಂಗಸರು, ಯಾರ ಮಕ್ಕಳು ಅಂತ ಕೇಳುವವರು ಕಡಿಮೆ.

ಸಾವಿನ ಮುಂದೆ ಎಲ್ಲರೂ ಸಮ ಅಂತ ನಮಗೆ ಹೇಳಿಕೊಡುತ್ತಾರೆ. ಭಜನೆ ಮನೆಯಲ್ಲೂ ಹೇಳುತ್ತಾರೆ, ಪಠ್ಯಪುಸ್ತಕದಲ್ಲೂ ಹೇಳುತ್ತಾರೆ. ಸುಳ್ಳು. ಹೆಣ ಎತ್ತಲು ಹೋದ 'ಮ್ಯಾಕೆ ಬೆನೆಟ್' ಅನ್ನೋ ಹಡಗಿನ ಕಥೆ ಕೇಳಿ. ಅದು ನೀರಿನಿಂದ 306 ಹೆಣ ಎತ್ತಿತು. ಮೊದಲ ದರ್ಜೆಯ ಹೆಣಗಳಿಗೆ ಮದ್ದು ಹಾಕಿ ಪೆಟ್ಟಿಗೆಯಲ್ಲಿಟ್ಟರು. ಎರಡನೇ, ಮೂರನೇ ದರ್ಜೆಯವರಿಗೆ ಕ್ಯಾನ್ವಾಸ್ ಚೀಲ. ಹಡಗಿನ ಕೆಲಸಗಾರರ ಹೆಣಗಳನ್ನು ಕೆಳಗಡೆ ಮಂಜುಗಡ್ಡೆಯ ಮೇಲೆ ಹಾಕಿದರು. 116 ಹೆಣಗಳನ್ನು ಕಬ್ಬಿಣ ಕಟ್ಟಿ ಮತ್ತೆ ಸಮುದ್ರಕ್ಕೇ ಬಿಟ್ಟರು. ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಮೂರನೇ ದರ್ಜೆಯವರು ಮತ್ತು ಕೆಲಸಗಾರರು. ಊರಿಗೊಂದು ಮಸಣ, ಕೇರಿಗೊಂದು ಮಸಣ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಬ್ರಿಟನ್ನಿನಲ್ಲಿ ವಿಚಾರಣೆ ನಡೆಯಿತು. ಲಾರ್ಡ್ ಮರ್ಸಿ ಅನ್ನುವವರು ನ್ಯಾಯಪೀಠದಲ್ಲಿದ್ದರು. ಮೂರನೇ ದರ್ಜೆಯವರಿಗೆ ಭೇದ ಮಾಡಿಲ್ಲ ಅಂತ ತೀರ್ಮಾನವಾಯಿತು. ಆ ವಿಚಾರಣೆಯಲ್ಲಿ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕನನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಇದನ್ನು ಓದಿದ ದಿನ ಮಗ್ಗದ ಮನೆಯ ಹುಡುಗ ನಕ್ಕುಬಿಟ್ಟ. "ಸಾರ್, ನಮ್ಮೂರ ಅರಳಿಕಟ್ಟೆ ನ್ಯಾಯ ಇದು. ನಮ್ಮೋರು ದೂರದಲ್ಲಿ ಕೈಕಟ್ಟಿ ನಿಂತಿರ್ತಾರೆ. ಕಟ್ಟೆ ಮೇಲೆ ಕೂತೋರೆ ಹೇಳ್ತಾರೆ, ಇವ್ರಿಗೇನೂ ಅನ್ಯಾಯ ಆಗಿಲ್ಲ ಅಂತ."

ಇನ್ನೊಂದು ಸಂಗತಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಹಡಗು ಮುಳುಗುವ ಹೊತ್ತಿನಲ್ಲಿ ವಾದ್ಯ ನುಡಿಸುತ್ತಿದ್ದ ಎಂಟು ಜನರೂ ಸತ್ತರು. ಅವರಲ್ಲಿ ಜಾಕ್ ಹ್ಯೂಮ್ ಅನ್ನೋ ಪಿಟೀಲಿನವನಿಗೆ ಇಪ್ಪತ್ತೊಂದು ವರ್ಷ. ಅವನನ್ನು ಕೆಲಸಕ್ಕೆ ಇಟ್ಟಿದ್ದ ಏಜೆನ್ಸಿ ಅವನ ಅಪ್ಪನಿಗೆ ಒಂದು ಕಾಗದ ಬರೆಯಿತು. ಮಗನ ಸಮವಸ್ತ್ರದ ಬಾಕಿ ಕೊಡಿ ಅಂತ. ಮಗ ನೀರಿಗೆ ಹೋದ. ಬಟ್ಟೆಯ ಬಾಕಿ ಮಾತ್ರ ಅಪ್ಪನ ಮನೆ ಬಾಗಿಲಿಗೆ ಬಂತು. ಇದು ಯಾಕೆ ನನ್ನ ನಿದ್ದೆ ಕೆಡಿಸಿತು ಅಂತ ಮುಂದೆ ಹೇಳುತ್ತೇನೆ.

ಒಂದು ದಿನ ಗಾರ್ಮೆಂಟ್ಸ್ ತಾಯಿಯ ಮಗಳು ಕೇಳಿದಳು: "ಸಾರ್, ಹಿಂಗೆ ಹಡಗಲ್ಲಿ ಸತ್ತೋರಲ್ಲಿ ನಮ್ಮ ದೇಶದೋರು ಇರಲಿಲ್ವಾ?"

ಇದ್ದರು. ಹುಡುಕುತ್ತಾ ಹೋದಾಗ 'ತಿಲಾವಾ' ಸಿಕ್ಕಿತು. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು, 1924ರಲ್ಲಿ ಕಟ್ಟಿದ್ದು. 1942ರ ನವೆಂಬರ್ 20ರಂದು ಮುಂಬಯಿ ಬಿಟ್ಟು ಮೊಂಬಾಸಾ, ಡರ್ಬನ್ ಕಡೆಗೆ ಹೊರಟಿತು. 23ರ ಬೆಳಗಿನ ಜಾವ ಜಪಾನಿನ ಐ-29 ಅನ್ನೋ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಬಿಟ್ಟಿತು. ಹಡಗು ಕೂಡಲೇ ಮುಳುಗಲಿಲ್ಲ. ದೋಣಿಗೆ ಇಳಿದಿದ್ದ ಕೆಲವರು ವಾಪಸ್ಸು ಹತ್ತಿದರು. ಆಗ ಎರಡನೇ ಟಾರ್ಪಿಡೊ ಬಂತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಉಳಿದವರಲ್ಲಿ ಬಹುಪಾಲು ಜನರನ್ನು ಎರಡು ದಿನದ ಮೇಲೆ 'ಬರ್ಮಿಂಗ್‌ಹ್ಯಾಮ್' ಅನ್ನೋ ಯುದ್ಧನೌಕೆ ಎತ್ತಿಕೊಂಡು ಬಂತು. ಪ್ರಯಾಣಿಕರಲ್ಲಿ ಹೆಚ್ಚಿನವರು ಆಫ್ರಿಕಕ್ಕೆ ಹೊಟ್ಟೆಪಾಡಿಗೆ ಹೊರಟ ನಮ್ಮ ದೇಶದ ಜನ. ಆ ಕಂಪನಿಯ ಹಡಗುಗಳಲ್ಲಿ ಬಡವರಿಗೆ ಕೋಣೆ ಇರುತ್ತಿರಲಿಲ್ಲ. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಗಂಟುಮೂಟೆಯ ಜೊತೆ ಮಲಗಬೇಕು. ಅವರನ್ನು 'ಡೆಕ್ ಪ್ಯಾಸೆಂಜರ್' ಅನ್ನುತ್ತಿದ್ದರು. ಜಗಲಿಯ ಮೇಲಿನ ಜನ ಅಂದ ಹಾಗೆ.

ಆ ಹಡಗಿನಲ್ಲಿ ಇನ್ನೊಂದು ಸರಕಿತ್ತು. ದಕ್ಷಿಣ ಆಫ್ರಿಕದಲ್ಲಿ ನಾಣ್ಯ ಹಾಕಿಸಲು ಕಳಿಸಿದ್ದ ಬೆಳ್ಳಿ. ಗಟ್ಟಿಗಳ ಲೆಕ್ಕ 2,364. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಒಂದು ಬ್ರಿಟಿಷ್ ಕಂಪನಿ ಎರಡೂವರೆ ಕಿಲೋಮೀಟರ್ ಆಳದಿಂದ ಆ ಬೆಳ್ಳಿಯನ್ನು 2017ರಲ್ಲಿ ಮೇಲೆತ್ತಿತು. ಬೆಳ್ಳಿಯ ತಕರಾರು ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ 2024ರ ಮೇ ತಿಂಗಳಲ್ಲಿ ತೀರ್ಪು ಬಂತು. ಸತ್ತ 280 ಜನರ ಮನೆಯವರು? ಅವರ ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ದೇಶಗಳಲ್ಲಿ ಚದುರಿಹೋಗಿದ್ದರು. ಯಾರು ಸತ್ತರು, ಯಾರು ಉಳಿದರು ಅಂತ ಮನೆಮನೆಯ ನೆನಪು ಕೆದಕಿ ತಾವೇ ಕೂಡಿಸಿಕೊಂಡು, ಎಂಬತ್ತು ವರ್ಷದ ಮೇಲೆ, 2022ರ ನವೆಂಬರ್ 23ರಂದು ಮುಂಬಯಿಯಲ್ಲಿ ಸೇರಿ ಮೊದಲ ಸಲ ಒಟ್ಟಿಗೆ ಸ್ಮರಿಸಿದರು.

ಹಡಗಿನಲ್ಲಿ ಕಲ್ಲಿದ್ದಲು ತೋಡಿದವರು, ಅಡಿಗೆ ಮಾಡಿದವರು, ನೆಲ ಒರೆಸಿದವರು ಇದ್ದಾರಲ್ಲ, ಅವರ ಕಥೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ವ್ಯಾಪಾರಿ ನಾವಿಕರ ಹೆಸರುಗಳನ್ನು ಲಂಡನ್ನಿನ ಟವರ್ ಹಿಲ್‌ನಲ್ಲಿ ಕಂಚಿನ ಹಲಗೆಗಳ ಮೇಲೆ ಕೆತ್ತಿದ್ದಾರೆ. ಅದೇ ಯುದ್ಧದಲ್ಲಿ ಅಂಥದೇ ಹಡಗುಗಳಲ್ಲಿ ಸತ್ತ ಅವಿಭಜಿತ ಭಾರತದ ಸುಮಾರು 6,000 ನಾವಿಕರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗಿನಲ್ಲಿ ಪುಸ್ತಕದೊಳಗಿವೆ. ಪುಸ್ತಕ ತೆರೆದವನಿಗೆ ಮಾತ್ರ ಕಾಣುತ್ತವೆ. ದಾರಿಯಲ್ಲಿ ಹೋಗುವವನಿಗೆ ಕಾಣುವುದಿಲ್ಲ.

ಇಲ್ಲಿಗೆ ನನ್ನ ಪ್ರಶ್ನೆ ಹುಟ್ಟಿತು. ಪಟ್ಟಿ ಅಂದರೇನು? ಯಾರ ಹೆಸರನ್ನು, ಯಾರು, ಯಾತಕ್ಕಾಗಿ ಬರೆಯುತ್ತಾರೆ?

ನಮ್ಮ ಜನರ ಹೆಸರು ಬರೆದೇ ಇಲ್ಲ ಅಂತಲ್ಲ. ಬೇಕಾದಾಗ ಚೆನ್ನಾಗಿಯೇ ಬರೆದಿದ್ದಾರೆ. 1860ರಲ್ಲಿ 'ಟ್ರೂರೋ' ಅನ್ನೋ ಹಡಗು ಮದರಾಸಿನಿಂದ 342 ಕೂಲಿಗಳನ್ನು ದಕ್ಷಿಣ ಆಫ್ರಿಕದ ನೆಟಾಲಿಗೆ ಒಯ್ದಿತು. ಆಮೇಲೆ 1911ರವರೆಗೆ ಒಂದೂವರೆ ಲಕ್ಷ ಜನ ಹೋದರು. ನಮ್ಮ ಮೈಸೂರು ಸೀಮೆಯವರೂ ಅದರಲ್ಲಿದ್ದರು. ಆ ಕೂಲಿಗಳ ಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗಾಯದ ಕಲೆ ಎಲ್ಲಕ್ಕೂ ಒಂದೊಂದು ಅಂಕಣ. ಸಂತೆಯಲ್ಲಿ ದನದ ಸುಳಿ ನೋಡಿ ಬರೆದುಕೊಂಡ ಹಾಗೆ. ಓಡಿಹೋದರೆ ಹಿಡಿಯೋಕೆ ಬೇಕಲ್ಲ. ಧಣಿಯ ಪಟ್ಟಿಯಲ್ಲಿ ನಮ್ಮ ಹೆಸರು ಯಾವತ್ತೂ ಇತ್ತು. ಸಾಲದ ಪುಸ್ತಕದಲ್ಲಿ ಇತ್ತು. ಜೀತದ ಪತ್ರದಲ್ಲಿ ಹೆಬ್ಬೆಟ್ಟಿನ ಪಕ್ಕ ಇತ್ತು.

ಬಾಬಾಸಾಹೇಬರ ಬದುಕಿನಲ್ಲೇ ಇಂಥದೊಂದು ಘಟನೆ ಇದೆ. 1917ರಲ್ಲಿ ಅವರು ಲಂಡನ್ನಿನಿಂದ ವಾಪಸ್ಸು ಹೊರಟಾಗ ಅವರ ಸಾಮಾನು, ಪುಸ್ತಕಗಳು ಬೇರೆ ಹಡಗಿನಲ್ಲಿದ್ದವು. ಯುದ್ಧದ ಕಾಲ. ಆ ಹಡಗು ಟಾರ್ಪಿಡೊಗೆ ಸಿಕ್ಕಿ ಮುಳುಗಿತು. ಹೊಟ್ಟೆ ಕಟ್ಟಿ ಕೊಂಡಿದ್ದ ಪುಸ್ತಕಗಳು ಸಮುದ್ರದ ಪಾಲಾದವು. ಆದರೆ ಸಾಮಾನಿಗೆ ರಸೀದಿ ಇತ್ತು. ಪರಿಹಾರದ ಹಣ ಬಂತು. ಅದರಲ್ಲೇ ಒಂದು ಪಾಲು ಹಿಡಿದು ಕೆಲಸಕ್ಕೆ ಬರೋಡಕ್ಕೆ ಹೋದರು. ಬರೋಡದಲ್ಲಿ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರದ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ನೋಡಿ, ಮುಳುಗಿದ ಪೆಟ್ಟಿಗೆಗೆ ಲೆಕ್ಕ ಇತ್ತು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯನಿಗೆ ಒಂದು ಛತ್ರದ ಪುಸ್ತಕದಲ್ಲಿ ತನ್ನ ಹೆಸರು ಬರೆಯಲು ಜಾಗವಿರಲಿಲ್ಲ.

ಈಗ ನನ್ನ ಮನೆಯ ಮಾತು.

ನನ್ನ ತಾತನಿಗೆ ಒಬ್ಬ ಅಣ್ಣ ಇದ್ದ. ಇಬ್ಬರೂ ಊರಿನ ಒಬ್ಬ ಜಮೀನುದಾರನ ಹತ್ತಿರ ಜೀತಕ್ಕಿದ್ದರು. ಒಂದು ಬೇಸಿಗೆಯಲ್ಲಿ ತೋಟದ ಬಾವಿಯ ಹೂಳು ತೆಗೆಯಲು ಅಣ್ಣನನ್ನು ಇಳಿಸಿದರು. ಹಳೇ ಹಗ್ಗ. ಮೇಲಕ್ಕೆ ಬರುವಾಗ ಅರ್ಧದಲ್ಲಿ ಕಿತ್ತುಹೋಯಿತು. ಕೆಳಗೆ ಬಂಡೆ. ಹೆಣವನ್ನು ಗೋಣಿಯಲ್ಲಿ ಸುತ್ತಿ ಕೇರಿಗೆ ಕಳಿಸಿದರು. ಬಾವಿ ಮೈಲಿಗೆಯಾಯಿತು ಅಂತ ಪುಣ್ಯಾಹ ಮಾಡಿಸಿದರು. ಆಮೇಲೆ ಹೊಸ ಹಗ್ಗದ ದುಡ್ಡನ್ನು ತಾತನ ಜೀತದ ಬಾಕಿಗೆ ಸೇರಿಸಿದರು. ಈ ಕಥೆ ಕೇಳಿಕೊಂಡು ಬೆಳೆದವನು ನಾನು. ಪಿಟೀಲಿನವನ ಅಪ್ಪನಿಗೆ ಬಂದ ಕಾಗದ ಓದಿದಾಗ ನನಗೆ ಆ ಹಗ್ಗ ಕಂಡಿತು. ಬಿಳಿಯರ ಚಿಂತೆ ನಮಗ್ಯಾಕೆ ಅನ್ನೋ ನನ್ನ ಸಿಟ್ಟು ಅವತ್ತು ಇಳಿಯಿತು. ಆ ಸ್ಕಾಟ್ಲೆಂಡಿನ ಅಪ್ಪ ನನ್ನ ತಾತನಿಗೆ ನೆಂಟ.

ಜೀತ 1976ರ ಕಾನೂನಿನಲ್ಲಿ ರದ್ದಾಯಿತು. ತಾತನೂ ಹೋದ. ಅಪ್ಪನನ್ನು ಕೇಳಿದೆ, ದೊಡ್ಡಪ್ಪನ ಹೆಸರೇನು ಅಂತ. ಅಪ್ಪನಿಗೆ ಗೊತ್ತಿಲ್ಲ, ಅಪ್ಪ ಹುಟ್ಟುವ ಮೊದಲೇ ಸತ್ತವನು. ಮನೆಯಲ್ಲಿ 'ದೊಡ್ಡೋನು' ಅಂತಲೇ ಅನ್ನುತ್ತಿದ್ದರು. ಗೊತ್ತಿರುವುದು ಅಜ್ಜಿಗೆ ಒಬ್ಬಳಿಗೇ. ಅಜ್ಜಿ ಹೇಳಲೊಲ್ಲಳು. "ಭಾವನ ಹೆಸ್ರು ನಾಲ್ಗೆ ಮ್ಯಾಲೆ ತರಬಾರ್ದು ಕಣ್ ಮಗ" ಅಂದಳು. ಜಮೀನುದಾರ ಒಂದು ಕಡೆ ಬಿಟ್ಟ. ನಮ್ಮದೇ ಕಟ್ಟಳೆ ಇನ್ನೊಂದು ಕಡೆ ಬಾಯಿ ಹೊಲಿಯಿತು. ಹೆಂಗಸಿನ ಬಾಯಿ ಹೊಲಿದಾಗ ನಮ್ಮ ಚರಿತ್ರೆಯ ಅರ್ಧ ಪಾಲು ಹೊಲಿದುಹೋಗುತ್ತದೆ ಅನ್ನೋದು ಅವತ್ತು ಗೊತ್ತಾಯಿತು. ಬೇರೆಯವರ ಪಟ್ಟಿಯನ್ನು ಬಯ್ಯುವ ಮೊದಲು ನಮ್ಮ ಪಟ್ಟಿಯಲ್ಲಿ ಯಾರನ್ನು ಬಿಟ್ಟಿದ್ದೇವೆ ಅಂತ ನೋಡಿಕೊಳ್ಳಬೇಕು.

ಸಂಘಟನೆಯಲ್ಲಿ ದುಡಿಯುವ ಗೆಳೆಯನೊಬ್ಬ ಇದನ್ನೆಲ್ಲಾ ಕೇಳಿ ರೇಗಿದ. "ಸತ್ತೋರ ಹೆಸ್ರು ಬರ್ಕೊಂಡು ಏನ್ ಮಾಡ್ತೀಯಯ್ಯಾ? ಬದುಕಿರೋರಿಗೆ ಭೂಮಿ ಇಲ್ಲ, ಮನೆ ಇಲ್ಲ. ಹೆಸ್ರಿಂದ ಹೊಟ್ಟೆ ತುಂಬ್ತದಾ?" ಅವನ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಸ್ಮಾರಕ ಕಟ್ಟಿಸಿ, ಹಾರ ಹಾಕಿ, ಬದುಕಿರುವವರನ್ನು ಮರೆಯುವ ರಾಜಕಾರಣ ನಾವು ನೋಡದ್ದೇನಲ್ಲ. ಸತ್ತವರನ್ನು ಪೂಜಿಸುವುದು ಸಲೀಸು. ಅವರು ಕೂಲಿ ಕೇಳುವುದಿಲ್ಲ.

ಆದರೂ ಗೆಳೆಯನಿಗೆ ನನ್ನ ಉತ್ತರ ಹೀಗಿದೆ.

ಒಂದು. ಪಟ್ಟಿ ಇಲ್ಲದೆ ಹಕ್ಕಿಲ್ಲ. ಒಳಚರಂಡಿಗೆ, ಮಲದ ಗುಂಡಿಗೆ ಇಳಿದು ಸತ್ತವರನ್ನೇ ತಗೊ. 1993ರಿಂದ ಈಚೆಗೆ ಹಾಗೆ ಸತ್ತವರೆಲ್ಲರನ್ನೂ ಗುರುತಿಸಿ ಅವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಹೆಸರಿಲ್ಲದವನ ಹೆಂಡತಿಗೆ ಇದರಲ್ಲಿ ಒಂದು ಪೈಸೆ ಸಿಗುವುದಿಲ್ಲ. 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಸರ್ಕಾರ ಏನು ಹೇಳಿತು? ಮಲ ಹೊರುವ ಕೆಲಸದಿಂದ ಸತ್ತ ವರದಿ ಒಂದೂ ಇಲ್ಲ ಅಂತ. ಗುಂಡಿಯಲ್ಲಿ ಜನ ಸತ್ತಿರಲಿಲ್ಲವೇ? ಸತ್ತಿದ್ದರು. ಅವರನ್ನು ಬೇರೆ ಅಂಕಣಕ್ಕೆ ಹಾಕಿದ್ದರು. ಅದು 'ಅಪಾಯಕಾರಿ ಶುಚಿ ಕೆಲಸ'ದ ಅಂಕಣ. ಅಂಕಣ ಬದಲಾಯಿಸಿದರೆ ಹೆಣವೇ ಮಾಯ. ಮೂರನೇ ದರ್ಜೆಯವನನ್ನು ಕರೆಯದೆ ಮೂರನೇ ದರ್ಜೆಗೆ ಅನ್ಯಾಯವಾಗಿಲ್ಲ ಅಂದ ಲಾರ್ಡ್ ಮರ್ಸಿ ಸತ್ತಿಲ್ಲ ಗೆಳೆಯ.

ಎರಡು. ಇದು ಹೊಟ್ಟೆಗಿಂತ ಆಳದ ಮಾತು. ನಮ್ಮ ಜನ ತಮ್ಮ ಸಾವನ್ನು ಹಣೆಬರಹ ಅನ್ನುತ್ತಾರೆ. ಅನ್ನುವ ಹಾಗೆ ಕಲಿಸಿದ್ದಾರೆ. ಹಗ್ಗ ಕಿತ್ತಿದ್ದು ಹಣೆಬರಹ, ಗುಂಡಿಯಲ್ಲಿ ಉಸಿರು ಕಟ್ಟಿದ್ದು ಹಣೆಬರಹ. ಟೈಟಾನಿಕ್ಕನ್ನೂ ವಿಧಿ ಅಂತಲೇ ಪ್ರಪಂಚ ಹಾಡಿಕೊಂಡಿತು. ಹುಡುಗರು ಹೆಸರು, ದರ್ಜೆ, ಮಲಗಿದ್ದ ಜಾಗ, ದೋಣಿಯ ಲೆಕ್ಕ ಒಂದರ ಪಕ್ಕ ಒಂದು ಬರೆದರು. ದೋಣಿ ಎಷ್ಟಿರಬೇಕು ಅಂತ ಹೇಳುತ್ತಿದ್ದ ಕಾನೂನು 1894ರದು. 10,000 ಟನ್ನಿನ ಮೇಲಿನ ಹಡಗುಗಳಿಗೆಲ್ಲ ಒಂದೇ ಲೆಕ್ಕ. 46,000 ಟನ್ನಿನ ಹಡಗಿಗೂ ಅದೇ. ಆ ಕಾನೂನಿಗೆ ಬೇಕಾದ್ದಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇದ್ದವು, ಜನ ಸತ್ತರು! ಹಾಗೆ ಬರೆದಿಟ್ಟಾಗ ವಿಧಿ ಕಾಣಲಿಲ್ಲ. ಮನುಷ್ಯರು ಕಂಡರು, ಅವರ ಲಾಭ ಕಂಡಿತು, ಅವರ ಅಸಡ್ಡೆ ಕಂಡಿತು. ಹಗ್ಗ ಹಳೇದಾಗಿತ್ತು, ಹಳೇದು ಅಂತ ಇಳಿಸಿದವನಿಗೆ ಗೊತ್ತಿತ್ತು ಅನ್ನೋದನ್ನು ಒಬ್ಬನ ಹೆಸರಿನ ಪಕ್ಕ ಬರೆದಾಗಲೇ ಅದು ಅಪರಾಧವಾಗುತ್ತದೆ. ಹೆಸರಿಲ್ಲದ ಕಡೆ ಅದು ಬರೀ ಒಂದು ಕಥೆ.

ಹೆಸರು ಹುಡುಕುವುದು ಆಗದ ಕೆಲಸ ಅಂತ ಕೈಚೆಲ್ಲಬೇಕಾಗಿಲ್ಲ. ಮ್ಯಾಕೆ ಬೆನೆಟ್‌ನವರು ಎತ್ತಿದ ಹೆಣಗಳಲ್ಲಿ ಒಂದು ಗಂಡು ಕೂಸು ಇತ್ತು. ಯಾರ ಮಗು ಅಂತ ತಿಳಿಯಲಿಲ್ಲ. ಹಡಗಿನ ಕೆಲಸಗಾರರೇ ದುಡ್ಡು ಹಾಕಿ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಅದಕ್ಕೆ ಕಲ್ಲು ಹಾಕಿಸಿದರು, 'ಗುರುತಿಲ್ಲದ ಮಗು' ಅಂತ. ಸತ್ತವರ ಬಟ್ಟೆಬರೆಯನ್ನು ಸುಡಬೇಕು ಅಂತ ಅಪ್ಪಣೆಯಾಗಿತ್ತು. ಒಬ್ಬ ಪೊಲೀಸಿನವನಿಗೆ ಆ ಕೂಸಿನ ಪುಟ್ಟ ಚರ್ಮದ ಜೋಡುಗಳನ್ನು ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ, ಎತ್ತಿಟ್ಟ. 2002ರಲ್ಲಿ ವಿಜ್ಞಾನಿಗಳು ಹಲ್ಲು ಮೂಳೆ ಪರೀಕ್ಷೆ ಮಾಡಿ ಅದು ಫಿನ್ಲೆಂಡಿನ ಹದಿಮೂರು ತಿಂಗಳ ಕೂಸು ಅಂದರು. ಜೋಡು ಅದಕ್ಕೆ ದೊಡ್ಡದಾಗುತ್ತಿತ್ತು. ಮತ್ತೆ ಪರೀಕ್ಷೆ ಮಾಡಿ 2007ರಲ್ಲಿ ಸರಿಯಾದ ಹೆಸರು ಕಂಡುಕೊಂಡರು: ಸಿಡ್ನಿ ಗುಡ್ವಿನ್, ಹತ್ತೊಂಬತ್ತು ತಿಂಗಳು. ಮೂರನೇ ದರ್ಜೆ. ಅಪ್ಪ, ಅವ್ವ, ಆರು ಮಕ್ಕಳು. ಎಂಟೂ ಜನ ಸತ್ತಿದ್ದರು. ತೊಂಬತ್ತೈದು ವರ್ಷದ ಮೇಲೆ ಒಂದು ಬಡ ಮಗುವಿಗೆ ಅದರ ಹೆಸರು ವಾಪಸ್ಸು ಬಂತು. ಅದಕ್ಕೆ ದಾರಿ ತೋರಿಸಿದ್ದು ಒಂದು ಜೊತೆ ಜೋಡು. ಜೋಡು ಹೊಲಿದುಕೊಟ್ಟೂ ಊರೊಳಗೆ ಅದನ್ನು ಕೈಯಲ್ಲಿ ಹಿಡಿದು ನಡೆದ ಜನ ನಾವು. ಕಾಲಿಗೆ ಹಾಕಿದ್ದು ಏನು ಸಾಕ್ಷಿ ಹೇಳಬಲ್ಲದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹುಡುಗರು ಪ್ರಾಜೆಕ್ಟು ಮುಗಿಸಿದರು. ಕೊನೆಗೆ ಒಂದು ಹಾಳೆ ಹೆಚ್ಚಿಗೆ ಸೇರಿಸಿದ್ದರು. ನಾನು ಹೇಳಿಕೊಟ್ಟದ್ದಲ್ಲ. ತಮ್ಮ ತಮ್ಮ ಮನೆಯಲ್ಲಿ, ಕೇರಿಯಲ್ಲಿ ಕೆಲಸದ ಜಾಗದಲ್ಲೇ ಸತ್ತವರ ಪಟ್ಟಿ. ಹೆಸರು, ಸತ್ತ ಜಾಗ, ಯಾರ ಕೆಲಸ ಮಾಡುತ್ತಿದ್ದರು, ಯಾರು ಹೋಗಿ ವಿಚಾರಿಸಿದರು. ಕೊನೆಯ ಅಂಕಣ ಪೂರ್ತಿ ಖಾಲಿ. ಐದು ಹೆಸರುಗಳಿದ್ದವು. ಎರಡು ಹೆಂಗಸರದು.

ಆ ಹಾಳೆ ಹಿಡಿದುಕೊಂಡು ಅವತ್ತು ರಾತ್ರಿ ಅಜ್ಜಿಯ ಹತ್ತಿರ ಕೂತೆ. ಒಂದೊಂದೇ ಹೆಸರು ಓದಿ ಹೇಳಿದೆ. ಅಜ್ಜಿ ಯಾರು ಎತ್ತ ಅಂತ ಕೇಳಿದಳು. ಎಲೆಅಡಿಕೆ ಉಗಿದು ಬಂದು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡು ಅಂದಳು: "ನಮ್ಮನೆ ದೇವ್ರ ಹೆಸ್ರೇ ಕಣ್ ಮಗ ಆ ಯಪ್ಪಂದು. ನಾನ್ ಹೇಳ್ಲಿಲ್ಲ. ನೀನೇ ಬರ್ಕೊ."

ಆರನೇ ಹೆಸರನ್ನು ನಾನೇ ಬರೆದೆ.